ಏರಿನಲ್ಲಿ ದಮ್ಮು ಕಟ್ಟುತ್ತಿದ್ದ ಪಿಕಪ್

ಗ್ಯಾರೇಜಿನ ಶಟರ್ ಕೊನೆಯ ಸಲ ಎಳೆದು ಎರಡು ವರ್ಷವಾಯಿತು. ಮಹಾರಾಷ್ಟ್ರದ ಗಡಿ ತಾಲೂಕಾದ ಜತ್ತದ ವಿಜಯಪುರ ರಸ್ತೆಯಲ್ಲಿ ನಲವತ್ತು ವರ್ಷ ಡೀಸೆಲ್ ಇಂಜಿನ್ ಬಿಚ್ಚಿ ಕಟ್ಟಿದವನು ನಾನು. ಜನ ರಾಜೇಸಾಬ ಮಿಸ್ತ್ರಿ ಅನ್ನುತ್ತಿದ್ದರು. ಈಗ ಮೊಣಕಾಲು ಮಡಚಿದರೆ ಬಿಚ್ಚುವುದಿಲ್ಲ, ಬಿಚ್ಚಿದರೆ ಮಡಚುವುದಿಲ್ಲ. ಡಫಳಾಪುರದ ಮನೆಯ ಕಟ್ಟೆ ಮೇಲೆ ಕೂತು ಹೋಗಿ ಬರುವ ಗಾಡಿಗಳ ಸದ್ದು ಕೇಳುತ್ತೇನೆ. ಯಾವುದರ ನಾಝಲ್ ಕೆಟ್ಟಿದೆ, ಯಾವುದರ ಬೆಲ್ಟ್ ಸವೆದಿದೆ ಎಂದು ಕಿವಿಗೆ ಬೇಡವೆಂದರೂ ತಿಳಿಯುತ್ತದೆ. ಎದ್ದು ಹೋಗಿ ಹೇಳುವ ಉಮೇದು ಉಳಿದಿಲ್ಲ.

ಐಟಿಐ ಮುಗಿಸಿದ ಹುಡುಗರು ಆಗೀಗ ಬರುತ್ತಾರೆ. "ಕಾಕಾ, ಈ ಧಂದೇದಾಗ ಗುಟ್ಟು ಏನರ ಇದ್ರ ಹೇಳ್ರಿ" ಅನ್ನುತ್ತಾರೆ. ಗುಟ್ಟು ಏನೂ ಇಲ್ಲಪ್ಪ, ಬೆನ್ನುನೋವು ಇದೆ. ಉಗುರಿನ ಸಂದಿಯಲ್ಲಿ ಜನ್ಮಪೂರ್ತಿ ಹೋಗದ ಕಪ್ಪು ಇದೆ. ಊಟಕ್ಕೆ ಕೂತಾಗಲೇ ಯಾರಾದರೂ ಗಾಡಿ ತಳ್ಳಿಕೊಂಡು ಬರುತ್ತಾರೆ, ಬಂದವರೆಲ್ಲರಿಗೂ ಲಗೂನ ಆಗಬೇಕು. ನೀವು ಕಂಪ್ಯೂಟರ್ ತಂತಿ ಚುಚ್ಚಿ ತೆರೆಯ ಮೇಲೆ ಕೋಡ್ ಓದುತ್ತೀರಿ. ನಾವು ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಹಚ್ಚಿ ಕೇಳುತ್ತಿದ್ದೆವು. ನಿಮ್ಮದೇ ಚಲೋ, ಅದರಲ್ಲಿ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಹಳೆಯ ಪಿಕಪ್ಪಿಗೆ ಆ ತಂತಿ ಚುಚ್ಚುವ ಜಾಗವೇ ಇಲ್ಲ, ಅಂಥ ಗಾಡಿಗಳು ನಮ್ಮ ತಾಲೂಕಿನಲ್ಲಿ ಇನ್ನೂ ಬೇಕಾದಷ್ಟು ಓಡುತ್ತಿವೆ. ಆದ್ದರಿಂದ ಒಂದು ಗಾಡಿಯ ಕಥೆ ಹೇಳುತ್ತೇನೆ. ಅದರಲ್ಲಿ ನನ್ನ ಮರ್ಯಾದೆ ಹೆಚ್ಚುವಂಥದು ಏನೂ ಇಲ್ಲ.

ಮೊದಲು ಒಂದು ಮಾತು. ಪೂರಾ ನಿಂತುಹೋದ ಗಾಡಿ ಸುಲಭ. ಅದು ಎಲ್ಲಿಗೂ ಹೋಗುವುದಿಲ್ಲ, ನೀವು ಒಂದೊಂದೇ ಬಿಚ್ಚುತ್ತ ಹೋದರೆ ಎಲ್ಲೋ ಒಂದು ಕಡೆ ದೋಷ ಸಿಕ್ಕೇ ಸಿಗುತ್ತದೆ. ಒಮ್ಮೆ ನಿಂತು ಒಮ್ಮೆ ಓಡುವ ಗಾಡಿ ಮಾತ್ರ ಮಿಸ್ತ್ರಿಯ ಆಯುಷ್ಯ ತಿನ್ನುತ್ತದೆ. ಮನೆಯಲ್ಲೆಲ್ಲ ಅಳುತ್ತಿದ್ದ ಕೂಸು ಡಾಕ್ಟರ ಮುಂದೆ ನಗುವಂತೆ, ನಿಮ್ಮ ಗ್ಯಾರೇಜಿಗೆ ಬಂದೊಡನೆ ಅದು ಸುಸೂತ್ರ ನಡೆಯುತ್ತದೆ. ಮಾಲಕ ನಿಮ್ಮ ಮುಖ ನೋಡುತ್ತಾನೆ, ನೀವು ಡ್ರೈವರನ ಮುಖ ನೋಡುತ್ತೀರಿ. ತಪ್ಪು ಆಗುವುದು ಅಲ್ಲಿಯೇ.

ನಾನು ಕೆಲಸ ಕಲಿತದ್ದು ಮಿರಜದಲ್ಲಿ. ನನ್ನ ಉಸ್ತಾದರು ಭಾಳ ದೊಡ್ಡ ಕಸುಬುದಾರರು, ಅಷ್ಟೇ ದೊಡ್ಡ ಸಿಟ್ಟಿನವರು. ನಟ್ಟು ಬಿಚ್ಚುವ ಪಾನಾ ತಪ್ಪು ನಂಬರಿನದು ಕೊಟ್ಟರೆ ಅದೇ ಪಾನಾ ತಿರುಗಿ ನಮ್ಮ ಕಡೆ ಹಾರಿ ಬರುತ್ತಿತ್ತು. ಒಮ್ಮೆ ಒಂದು ಜೀಪು ಬಂತು. ಅದರ ಡ್ರೈವರು ಆಣೆ ಮಾಡಿ ಹೇಳಿದ, ದಾರಿಯ ಒಂದು ಹುಣಸೆಮರದ ಹತ್ತಿರ ಬಂದೊಡನೆ ಗಾಡಿ ನಿಲ್ಲುತ್ತದೆ, ಅಲ್ಲಿ ದೆವ್ವ ಇದೆ ಎಂದು. ಉಸ್ತಾದರು ಜೀಪು ಒಂದಿಷ್ಟು ದೂರ ಓಡಿಸಿ, ನಿಂತ ಮೇಲೆ ಡೀಸೆಲ್ ಟಾಕಿಯ ಮುಚ್ಚಳ ತಿರುಗಿಸಿದರು. ಬುಸ್ ಎಂದು ಗಾಳಿ ಒಳಗೆ ನುಗ್ಗಿತು. ಮುಚ್ಚಳ ಕಳೆದಿತ್ತೆಂದು ಆ ಮನುಷ್ಯ ಪ್ಲಾಸ್ಟಿಕ್ ಚೀಲ ಸುತ್ತಿದ ಬೇರೆ ಮುಚ್ಚಳ ಬಿಗಿದಿದ್ದ. ಗಾಳಿ ಹೋಗಲು ದಾರಿ ಇಲ್ಲದೆ ಡೀಸೆಲ್ ಮೇಲೆ ಏಳುತ್ತಿರಲಿಲ್ಲ. "ಇಗೋ ನೋಡ್ರಿ ದೆವ್ವ" ಎಂದು ಉಸ್ತಾದರು ಆ ಚೀಲ ಅವನ ಕೈಗೆ ಕೊಟ್ಟರು. ಆಮೇಲೆ ನಮ್ಮ ಕಡೆ ತಿರುಗಿ, "ಡ್ರೈವರ್ ಹೇಳೂದು ಕೇಳಬ್ಯಾಡ್ರಿ. ಇಂಜಿನ್ ಹೇಳೂದು ಕೇಳ್ರಿ" ಅಂದರು. ನಾವೆಲ್ಲ ನಕ್ಕೆವು. ಆ ಮಾತನ್ನು ನಾನು ಮೂವತ್ತು ವರ್ಷ ತಾಯಿತದಂತೆ ಕಟ್ಟಿಕೊಂಡು ತಿರುಗಿದೆ. ಹುಣಸೆಮರದ ಮಾತು ಕೂಡ ಖರೆಯೇ ಆಗಿತ್ತು, ಹೊರಟ ಮೇಲೆ ಟಾಕಿಯ ಗಾಳಿ ತೀರಲು ಸರಿಯಾಗಿ ಅಷ್ಟೇ ದೂರ ಹಿಡಿಯುತ್ತಿತ್ತು ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಇನ್ನು ಆ ಪಿಕಪ್ಪಿನ ವಿಷಯ. ಎಂಟು ಹತ್ತು ವರ್ಷದ ಹಿಂದಿನ ಮಾತು. ಬೆಳುಂಕಿಯ ಈರಪ್ಪಣ್ಣ ಹಳ್ಳಿಗಳಲ್ಲಿ ಹಾಲು ಕೂಡಿಸಿ ಜತ್ತದ ಡೇರಿಗೆ ಹಾಕುತ್ತಿದ್ದ. ಅವನದೊಂದು ಹಳೆಯ ಡೀಸೆಲ್ ಪಿಕಪ್. ಅದನ್ನು ಅವನು ಎತ್ತಿನಂತೆ ಸಾಕಿದ್ದ. ದಿನಾ ತೊಳೆಸುತ್ತಿದ್ದ, ಅಮಾವಾಸ್ಯೆಗೆ ಗಾಲಿಯ ಕೆಳಗೆ ನಿಂಬೆಹಣ್ಣು ಇಡಿಸುತ್ತಿದ್ದ. ಡ್ರೈವರ್ ಮಾಳಪ್ಪ ದರಿಬಡಚಿಯವನು. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಮೊದಲು ಸ್ಟೀರಿಂಗ್ ಹಿಡಿದವನು ಅವನೇ. ಮಾತು ಕಡಿಮೆ. ಹಾಲಿನ ಕ್ಯಾನುಗಳನ್ನು ಕುಲುಕದ ಹಾಗೆ ತರುತ್ತಾನೆ ಎಂದು ಈರಪ್ಪಣ್ಣ ತಾನೇ ಹೊಗಳುತ್ತಿದ್ದ.

ಆ ಬೇಸಿಗೆಯಲ್ಲಿ ಗಾಡಿ ದಾರಿಯಲ್ಲಿ ನಿಲ್ಲತೊಡಗಿತು. ವಾರಕ್ಕೊಮ್ಮೆ, ಒಮ್ಮೊಮ್ಮೆ ಎರಡು ಸಲ. ಡೇರಿ ತಲುಪುವುದು ತಡವಾಗಿ ಹಾಲು ಒಡೆಯಿತು. ಮಾಳಪ್ಪ ಗಾಡಿ ತಂದು ನನ್ನೆದುರು ನಿಲ್ಲಿಸಿ ಹೇಳಿದ:

"ಮಿಸ್ತ್ರಿ, ಭಾರ ಹೇರಿದಾಗ ಏರಿನ್ಯಾಗ ನಿಲ್ತೈತ್ರಿ. ಟಾಕಿ ಅರ್ಧಕ್ಕ ಬಂದಾಗ. ದಮ್ಮು ಕಟ್ಟಿದಂಗ ಮಾಡಿ ಬಂದ್ ಬೀಳ್ತೈತಿ. ಹತ್ತು ಮಿನಿಟು ಬಿಟ್ರ ತಾನ ಚಾಲೂ ಆಗ್ತೈತಿ, ಏನೂ ಮಾಡೂದು ಬ್ಯಾಡ."

ಹುಡುಗರೇ, ಇಡೀ ರೋಗ ಆ ನಾಲ್ಕು ಮಾತಿನಲ್ಲಿತ್ತು. ನಾನು ಕೇಳಿಸಿಕೊಳ್ಳಲಿಲ್ಲ. ಹೂಂ ಹೂಂ ಎನ್ನುತ್ತ ಬಾನೆಟ್ ಎತ್ತಿದೆ. ಡೀಸೆಲ್ ಫಿಲ್ಟರ್ ಬದಲಿಸಿದೆ. ಫಿಲ್ಟರಿನ ತಳದ ನೀರು ಬಿಟ್ಟೆ. ಪೈಪಿನ ಜೋಡಣೆಯಲ್ಲಿ ಗಾಳಿ ಎಳೆಯುತ್ತಿರಬಹುದೆಂದು ತಾಮ್ರದ ವಾಷರುಗಳನ್ನೆಲ್ಲ ಹೊಸದು ಹಾಕಿದೆ. ಟಾಕಿಯಿಂದ ಡೀಸೆಲ್ ಎಳೆಯುವ ಫೀಡ್ ಪಂಪ್ ಬಿಚ್ಚಿ ಒಳಗಿನ ವಾಲ್ವ್ ತೊಳೆದೆ. ಟಾಕಿಯ ಮುಚ್ಚಳದ ತೂತು ನೋಡಿದೆ, ತೆರೆದೇ ಇತ್ತು. ಇಂಜಿನ್ ಬಂದ್ ಮಾಡುವ ಸ್ವಿಚ್ಚಿನ ತಂತಿ ಸಡಿಲ ಇದೆಯೇನೋ ಎಂದು ಎಳೆದೆಳೆದು ನೋಡಿದೆ. ಗಾಡಿ ಗ್ಯಾರೇಜಿನಲ್ಲಿ ಇಡೀ ದಿನ ಚಾಲೂ ಇಟ್ಟರೂ ಒಂದು ಸಲ ಕೆಮ್ಮಲಿಲ್ಲ.

ಮೂರು ಸಲ ಹೀಗಾಯಿತು. ಮೂರನೆಯ ಸಲ ಮಾಳಪ್ಪ, "ಒಮ್ಮಿ ಹಾಲಿನ ಫೇರಿಗಿ ನನ್ನ ಜೋಡಿ ಬರ್ರಿ ಮಿಸ್ತ್ರಿ. ಬಾಜೂಕ ಕುಂದ್ರಿ. ನಿಮ್ಮ ಕಣ್ಣ ಮುಂದನ ನಿಲ್ತೈತಿ" ಅಂದ. ನಸುಕಿನಲ್ಲಿ ಎದ್ದು ಹಳ್ಳಿ ಹಳ್ಳಿ ಸುತ್ತಲು ನನಗೆ ಬೇಸರ. ಬದಲಿಗೆ ಟಾಕಿ ತುಂಬಿಸಿ, ಖಾಲಿ ಗಾಡಿಯನ್ನು ನಾನೇ ಸಪಾಟು ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ಬಂದೆ. ಕುದುರೆಯಂತೆ ಓಡಿತು. ಟಾಕಿ ಅರ್ಧ ಇರಬೇಕು, ಗಾಡಿ ಏರು ಹತ್ತಬೇಕು, ಬೆನ್ನ ಮೇಲೆ ಭಾರ ಇರಬೇಕು ಎಂದು ಅವನು ಹೇಳಿದ್ದ. ನಾನು ಮೂರಕ್ಕೂ ವಿರುದ್ಧ ಮಾಡಿ, ದೋಷ ಇಲ್ಲ ಅಂದೆ.

ಅಂದದ್ದಾದರೂ ಎಲ್ಲಿ? ಗ್ಯಾರೇಜಿನ ಎದುರಿನ ಚಹಾದ ಅಂಗಡಿಯಲ್ಲಿ, ಹತ್ತು ಜನರ ಮುಂದೆ. ಈರಪ್ಪಣ್ಣ ಸಿಟ್ಟಿನಲ್ಲಿ ಬಂದಿದ್ದ. "ರಾಜೇಸಾಬ, ಖರೆ ಹೇಳು. ಗಾಡ್ಯಾಗ ದೋಷ ಐತೋ ಇಲ್ಲೋ?" ಎಂದು ಕೇಳಿದ.

ನನಗೆ ಗೊತ್ತಾಗಿಲ್ಲ ಎನ್ನಬೇಕಿತ್ತು. ಎರಡೇ ಶಬ್ದ. ಅಷ್ಟು ಜನರೆದುರು ಅದನ್ನು ಹೇಳಲು ನನ್ನ ನಾಲಗೆ ಹೊರಳಲಿಲ್ಲ.

"ಗಾಡ್ಯಾಗ ಏನೂ ಇಲ್ಲ ಈರಪ್ಪಣ್ಣಾ. ನಡಸೂ ಕೈಯಾಗ ಐತಿ" ಅಂದೆ.

ಮಾಳಪ್ಪ ಆಚೆ ಗಾಡಿಯ ಗಾಜು ಒರೆಸುತ್ತ ನಿಂತಿದ್ದ. ಬಟ್ಟೆ ಹಿಂಡಿ ಬಾಗಿಲ ಮೇಲೆ ಒಣ ಹಾಕಿದ. ಚಾವಿ ತಂದು ಈರಪ್ಪಣ್ಣನ ಚಹಾದ ಬಶಿಯ ಹತ್ತಿರ ಇಟ್ಟ. "ನಾ ಸುಳ್ಳು ಹೇಳಿಲ್ರಿ" ಎಂದಷ್ಟೇ ಅಂದು ಬಸ್ ಸ್ಟ್ಯಾಂಡಿನ ಕಡೆ ನಡೆದುಹೋದ. ನನ್ನ ಕಡೆ ನೋಡಲಿಲ್ಲ.

ಅಲ್ಲಿದ್ದವರು ಸುಮ್ಮನಿರುತ್ತಾರೆಯೇ? ಮಾಳಪ್ಪ ದಾರಿಯಲ್ಲಿ ಗಾಡಿ ನಿಲ್ಲಿಸಿ ಮಂದಿಯ ಮಾಲು ಹೇರುತ್ತಿದ್ದ, ಗಾಡಿ ಕೆಟ್ಟಿತ್ತು ಎಂದು ನೆಪ ಹೇಳುತ್ತಿದ್ದ ಎಂದು ಮಾತು ಹಬ್ಬಿತು. ಆ ಮಾತು ನಾನು ಆಡಿರಲಿಲ್ಲ, ಆದರೆ ನನ್ನ ಮಾತಿಗೆ ಕೈಕಾಲು ಮೂಡಿದರೆ ಅದು ಹಾಗೆಯೇ ಕಾಣುತ್ತಿತ್ತು. ರಾಜೇಸಾಬ ಮಿಸ್ತ್ರಿಯೇ ಹೇಳಿದ್ದಾನೆ ಎಂದಮೇಲೆ ಮುಗಿಯಿತು. ಅವನಿಗೆ ಯಾರೂ ಗಾಡಿ ಕೊಡಲಿಲ್ಲ. ಜತ್ತದ ಒಬ್ಬ ಟೆಂಪೋ ಮಾಲಕ ನನ್ನ ಹತ್ತಿರ ಬಂದು ಅವನನ್ನು ಇಟ್ಟುಕೊಳ್ಳಲೇ ಎಂದು ಕೇಳಿದ. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ, ಪಾನಾ ಹುಡುಕುತ್ತ ಬಗ್ಗಿದೆ. ಆ ಮಾಲಕನಿಗೆ ಅಷ್ಟೇ ಸಾಕಾಯಿತು.

ಈರಪ್ಪಣ್ಣ ತಾನೇ ಗಾಡಿ ನಡೆಸತೊಡಗಿದ. ಆಮೇಲೆ ನಾಲ್ಕು ತಿಂಗಳು ಗಾಡಿ ಒಮ್ಮೆಯೂ ನಿಲ್ಲಲಿಲ್ಲ. "ನೋಡಿದ್ಯಾ?" ಎಂದು ಅವನು ಹೋದಲ್ಲೆಲ್ಲ ಹೇಳಿದ. ನನಗೂ ಸಮಾಧಾನವಾಯಿತು. ಸಮಾಧಾನ ಏಕೆ ಬೇಕಿತ್ತು ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ದಸರೆ ಮುಗಿದು ಒಂದು ವಾರವಾಗಿರಬಹುದು, ಈರಪ್ಪಣ್ಣನ ಫೋನು ಬಂತು. ಏರಿನ ನಡುವೆ ಗಾಡಿ ನಿಂತಿದೆ, ಹಾಲು ಬಿಸಿಲಲ್ಲಿದೆ. ಹತ್ತು ಮಿನಿಟಿನ ಮೇಲೆ ಮತ್ತೆ ಅವನದೇ ಫೋನು. "ಚಾಲೂ ಆತು ನೋಡು ತಾನ" ಅಂದ. ಅದು ಮಾಳಪ್ಪ ಆಡಿದ್ದ ಮಾತೇ.

ಮರುದಿನ ನಸುಕಿನಲ್ಲಿ ಎದ್ದು ಹೋಗಿ ಅವನ ಪಕ್ಕದಲ್ಲಿ ಕೂತೆ. ಹಾಲಿನ ಕ್ಯಾನು ತುಂಬಿಸಿಕೊಂಡು ಬರುವಾಗ ಅದೇ ಏರು. ಡೀಸೆಲ್ ಕಾಟಾದ ಮುಳ್ಳು ಅರ್ಧಕ್ಕಿಂತ ಕೆಳಗಿತ್ತು. ನಡು ಏರಿಗೆ ಬಂದಾಗ ಇಂಜಿನ್ನಿನ ದನಿ ತೆಳ್ಳಗಾಯಿತು, ಗಾಡಿ ಎರಡು ಸಲ ಮುಗ್ಗರಿಸಿದಂತೆ ಮಾಡಿ ನಿಂತಿತು. ದಮ್ಮು ಕಟ್ಟಿದಂತೆ ಎಂದಿದ್ದನಲ್ಲ ಮಾಳಪ್ಪ, ಅದಕ್ಕೆ ಬೇರೆ ಶಬ್ದವೇ ಇಲ್ಲ. ಇಳಿದು ಓಡಿ ಫೀಡ್ ಪಂಪಿಗೆ ಬರುವ ಪೈಪು ಬಿಚ್ಚಿ ಬಾಯಿಟ್ಟು ಎಳೆದೆ. ಡೀಸೆಲ್ ಬರಲಿಲ್ಲ, ನಾಲಗೆ ಪೈಪಿಗೆ ಅಂಟಿತು. ತಿರುಗಿ ಊದಿದೆ. ಮೊದಲು ಬಿಗಿ, ಆಮೇಲೆ ಟಾಕಿಯೊಳಗೆ ಗುಳುಗುಳು ಸದ್ದು. ತುಟಿಗೆ ಹತ್ತಿದ ಡೀಸೆಲ್ ಒರೆಸುತ್ತ ರಸ್ತೆಯ ಬದಿಗೆ ಕೂತುಬಿಟ್ಟೆ. ಪೈಪಿನ ಬಾಯಿಗೆ ಏನೋ ಅಂಟಿ, ಊದಿದಾಗ ಬಿಟ್ಟುಕೊಂಡಿತ್ತು.

ಹಾಲು ಡೇರಿಗೆ ಹಾಕಿ ನೇರ ಗ್ಯಾರೇಜಿಗೆ ಬಂದೆವು. ಟಾಕಿ ಇಳಿಸಿ, ಇದ್ದ ಡೀಸೆಲನ್ನೆಲ್ಲ ಬಟ್ಟೆಯಲ್ಲಿ ಸೋಸಿ ಬಕೆಟ್ಟಿಗೆ ಸುರಿದೆ. ಬಟ್ಟೆಯ ಮೇಲೆ ಐದು ಎಲೆ ಉಳಿದವು. ಒಂದು ಇನ್ನೂ ಹಸಿರಿತ್ತು. ಉಳಿದವು ಕಪ್ಪಾಗಿ ಚರ್ಮದಂತೆ ಗಟ್ಟಿಯಾಗಿದ್ದವು. ನಡುವೆ ಸೀಳಿದ, ಎರಡು ಹಾಳೆ ಜೋಡಿಸಿದಂಥ ಎಲೆ. ದಸರೆಯ ದಿನ ನಮ್ಮ ಕಡೆ ಬಂಗಾರ ಎಂದು ಒಬ್ಬರ ಕೈಗೊಬ್ಬರು ಕೊಡುವ ಎಲೆ. ಮರಾಠಿಯವರು ಆಪಟಾ ಅನ್ನುತ್ತಾರೆ, ನಾವು ಬನ್ನಿ ಎಂದೇ ಕೊಡುತ್ತೇವೆ. ಆ ದಿನ ನನ್ನ ಗ್ಯಾರೇಜಿಗೂ ಜನ ತಂದು ಕೊಟ್ಟು, ಅಪ್ಪಿಕೊಂಡು ಹೋಗುತ್ತಿದ್ದರು.

ಈರಪ್ಪಣ್ಣ ಎಲೆಗಳನ್ನು ನೋಡಿದ. ಹಸಿರಾದದ್ದನ್ನು ಎತ್ತಿ ಅಂಗೈ ಮೇಲೆ ಇಟ್ಟುಕೊಂಡ.

"ಇದು ಹ್ಯಾಂಗ ಬಂತು?" ಎಂದೆ.

"ನಾನ ಹಾಕೀನಿ" ಅಂದ. ದನಿ ಕೂಸಿನದಾಗಿತ್ತು. "ಮನೀ ಮಂದಿಗೆಲ್ಲ ಬನ್ನಿ ಕೊಡ್ತೀವಿ, ದುಡದು ಹಾಕೂ ಗಾಡಿಗಿ ಕೊಡಬ್ಯಾಡೇನು? ಬಾನೆಟ್ ಮ್ಯಾಲ ಇಟ್ರ ಹಾರಿ ಹೋಗ್ತಿತ್ತು. ಅದಕ್ಕ ಬಾಯಾಗ ಹಾಕಿದೆ. ಪ್ರತೀ ವರ್ಷ ಒಂದ ಎಲಿ."

ನಗಬೇಕೆನಿಸಿತು. ನಗು ಬರಲಿಲ್ಲ, ಏಕೆಂದರೆ ಟಾಕಿಯ ಬಾಯಲ್ಲಿ ಇರಬೇಕಾದ ಸೋಸುವ ಜಾಳಿ ಇದ್ದಿದ್ದರೆ ಒಂದು ಎಲೆಯೂ ಒಳಗೆ ಹೋಗುತ್ತಿರಲಿಲ್ಲ. ಅಗ್ಗ ಎಂದು ಗಡಿಯ ಆಚೆ ಕರ್ನಾಟಕದಿಂದ ಕ್ಯಾನಿನಲ್ಲಿ ಡೀಸೆಲ್ ತಂದು ಸುರಿಯುವವರೇ ನಮ್ಮಲ್ಲಿ ಹೆಚ್ಚು. ಜಾಳಿ ಇದ್ದರೆ ಸುರಿಯಲು ಹೊತ್ತು ಹಿಡಿಯುತ್ತದೆ, ಮೈಮೇಲೆ ಚೆಲ್ಲುತ್ತದೆ. ಅದಕ್ಕೆ ಯಾರು ಕೇಳಿದರೂ ನಾನು ಅದನ್ನು ಕಿತ್ತು ಕೊಡುತ್ತಿದ್ದೆ. ಈ ಗಾಡಿಯದನ್ನೂ ಕಿತ್ತದ್ದು ನಾನೇ. ಒಳಗೆ ಎಳೆಯುವ ಪೈಪಿನ ತುದಿಯ ಜಾಳಿ ತುಕ್ಕು ಹಿಡಿದಿತ್ತೆಂದು ಅದನ್ನೂ ಆ ಬೇಸಿಗೆಗೆ ತುಸು ಮುಂಚೆ ಎಸೆದಿದ್ದೆ. ಹೊಸದು ಹಾಕುವುದು ಮರೆತಿತ್ತು, ಅಥವಾ ಬೇಸರವಾಗಿತ್ತು.

ಉಳಿದದ್ದೆಲ್ಲ ತಾನೇ ಬಿಡಿಸಿಕೊಂಡಿತು. ತುಂಬಿದ ಟಾಕಿಯಲ್ಲಿ ಎಲೆ ಎಲ್ಲೋ ಒಂದು ಕಡೆ ತೇಲಿಕೊಂಡಿರುತ್ತದೆ. ಡೀಸೆಲ್ ಅರ್ಧಕ್ಕಿಳಿದು, ಏರಿನಲ್ಲಿ ಹಿಂದಕ್ಕೆ ಸರಿದು, ಭಾರಕ್ಕೆ ಇಂಜಿನ್ ಜೋರಾಗಿ ಎಳೆದಾಗ ಪೈಪಿನ ಬಾಯಿಗೆ ಬಂದು ಕೂರುತ್ತದೆ. ಇಂಜಿನ್ ನಿಂತರೆ ಎಳೆತ ಹೋಗಿ ಎಲೆ ಬಿಟ್ಟುಕೊಳ್ಳುತ್ತದೆ. ಡ್ರೈವರ್ ಡೀಸೆಲ್ ಕದ್ದಾನು ಎಂಬ ಗುಮಾನಿಯಿಂದ ಈರಪ್ಪಣ್ಣ ಮಾಳಪ್ಪನಿಗೆ ಯಾವಾಗಲೂ ಅರ್ಧ ಟಾಕಿಯೇ ಹಾಕಿಸುತ್ತಿದ್ದ. ತಾನು ನಡೆಸತೊಡಗಿದ ಮೇಲೆ ತುಂಬಿಸಿ ಇಡುತ್ತಿದ್ದ. ದಸರೆಯ ಓಡಾಟದಲ್ಲಿ ತುಂಬಿಸಿರಲಿಲ್ಲ, ಅಷ್ಟೇ.

"ಯಾರ ಮುಂದೂ ಹೇಳಬ್ಯಾಡ ರಾಜೇಸಾಬ" ಅಂದ ಈರಪ್ಪಣ್ಣ. "ಮಂದಿ ನಗ್ತಾರ. ಮಾಳ್ಯಾನ್ನ ಸುಮ್ನ ಕರದು ಮತ್ತ ಇಟ್ಕೋತೀನಿ."

ನಾನೂ ಸುಮ್ಮನಾದೆ. ಇದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಎಂಟು ದಿನ ಸುಮ್ಮನಿದ್ದೆ. ಮಂದಿ ನಗುವುದು ಈರಪ್ಪಣ್ಣನನ್ನು ನೋಡಿ ಮಾತ್ರವಲ್ಲ ಎಂದು ನನಗೆ ಗೊತ್ತಿತ್ತು. ಐದು ಎಲೆ ಹುಡುಕಲಾಗದ ಮಿಸ್ತ್ರಿ ಒಬ್ಬ ಬಡವನ ಹೆಸರು ಕೆಡಿಸಿದ ಎಂದು ಅದೇ ಚಹಾದ ಅಂಗಡಿಯಲ್ಲಿ ಆಡಿಕೊಳ್ಳುತ್ತಾರೆ. ಗ್ಯಾರೇಜಿಗೆ ಬಂದ ಪ್ರತಿಯೊಬ್ಬ ಡ್ರೈವರು ಬಾಯಿ ತೆರೆದಾಗ ನಾನು ಬಾನೆಟ್ಟಿನೊಳಗೆ ತಲೆ ಹಾಕುತ್ತಿದ್ದೆ. ಒಂಬತ್ತನೆಯ ದಿನ ಒಬ್ಬರು ಹೇಳಿದರು, ಮಾಳಪ್ಪ ಹೆಂಡತಿಯ ಜೊತೆ ಕಬ್ಬು ಕಡಿಯುವ ಟೋಳಿಯಲ್ಲಿ ಹೊರಟಿದ್ದಾನೆ, ಎರಡು ದಿನದಲ್ಲಿ ಅವರನ್ನು ಒಯ್ಯುವ ಗಾಡಿ ಬರುತ್ತದೆ ಎಂದು. ಈರಪ್ಪಣ್ಣ ಕರೆಸಿದ್ದನಂತೆ. ಅವನು ಹೋಗಿರಲಿಲ್ಲ.

ಮರುದಿನ ಮುಂಜಾನೆ ಚಹಾದ ಅಂಗಡಿಗೆ ಹೋಗಿ, ಕೂತವರ ಮುಂದೆ ಎಲ್ಲವನ್ನೂ ಹೇಳಿದೆ. ಎಲೆ, ಜಾಳಿ, ಅರ್ಧ ಟಾಕಿ. ಕೆಲವರು ನಕ್ಕರು. ಒಬ್ಬ ಮುದುಕ ಮಾತ್ರ, "ಮೊದಲ ಹೇಳಬೇಕಿತ್ತು" ಅಂದ. ಈರಪ್ಪಣ್ಣ ಮುಂದೆ ಒಂದು ತಿಂಗಳು ನನ್ನ ಗ್ಯಾರೇಜಿನ ಕಡೆ ತಲೆ ಹಾಕಲಿಲ್ಲ. ನಾನು ಅಲ್ಲಿಂದಲೇ ದರಿಬಡಚಿಯ ಬಸ್ ಹತ್ತಿದೆ.

ಮಾಳಪ್ಪನ ಮನೆ ಊರ ಹೊರಗೆ. ಅಂಗಳದಲ್ಲಿ ಕೂತು ಅವನು ಕಬ್ಬು ಕಡಿಯುವ ಕೊಯ್ತಾ ಮಸೆಯುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ, "ಬರ್ರಿ" ಅಂದ. ಅದಕ್ಕಿಂತ ಹೆಚ್ಚಿಲ್ಲ. ಬಿಸಿಲಲ್ಲಿ ನಿಂತುಕೊಂಡೇ ಎಲ್ಲ ಹೇಳಿದೆ. ಚಹಾದ ಅಂಗಡಿಯಲ್ಲಿ ಹೇಳಿ ಬಂದದ್ದನ್ನೂ ಹೇಳಿದೆ. "ತಪ್ಪು ನಂದು ಮಾಳಪ್ಪ. ಗಾಡೀದಲ್ಲ, ನಿಂದಲ್ಲ. ನೀ ಹೇಳಿದ್ದು ಪೂರಾ ಖರೆ ಇತ್ತು" ಅಂದೆ.

ಅವನು ಹೆಬ್ಬೆರಳಿನಿಂದ ಕೊಯ್ತಾದ ಅಲಗು ಮುಟ್ಟಿ ನೋಡಿದ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಊರ ಮಂದಿಗಿ ಹೇಳಿದ್ರಿ, ಚಲೋ ಆತು" ಅಂದ ಕೊನೆಗೆ. ಆಮೇಲೆ ದನಿ ಇಳಿಸಿ, "ಅಕಿಗೊಮ್ಮಿ ಹೇಳ್ರಿ. ಒಳಗ ಅದಾಳ" ಅಂದ.

ನನಗೆ ಮೊದಲು ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ನಾಲ್ಕೈದು ತಿಂಗಳು ಆ ಮನೆಯೊಳಗೂ ಅವನ ಮಾತನ್ನು ನಂಬಿದವರಿರಲಿಲ್ಲ.

ಬಾಗಿಲಲ್ಲಿ ನಿಂತು ಅವನ ಹೆಂಡತಿ ಲಕ್ಕವ್ವನನ್ನು ಕರೆದೆ. ರೊಟ್ಟಿ ಬಡಿಯುತ್ತಿದ್ದವಳು ಸೆರಗು ಸರಿಮಾಡಿಕೊಂಡು ತಿರುಗಿದಳು. ಇನ್ನೊಮ್ಮೆ ಮೊದಲಿನಿಂದ ಕಡೆಯವರೆಗೆ ಹೇಳಿದೆ. ಚಹಾದ ಅಂಗಡಿಯಲ್ಲಿ ಅಷ್ಟು ಜನರೆದುರು ಹೇಳಿದಾಗ ತಡವರಿಸದ ನಾಲಗೆ, ಆ ಒಬ್ಬಳ ಮುಂದೆ ತಡವರಿಸಿತು. ಆಕೆ ಹಿಟ್ಟಿನ ಕೈ ಹಾಗೆಯೇ ಹಿಡಿದುಕೊಂಡು ಕೇಳಿದಳು.

"ಅಂವ ದಿನಾ ಹೇಳ್ತಿದ್ದ ಕಾಕಾ, ನಂದೇನೂ ತಪ್ಪಿಲ್ಲ ಅಂತ" ಅಂದಳು. "ನಾನ ಅಂದೆ, ರಾಜೇಸಾಬ ಮಿಸ್ತ್ರಿ ಸುಳ್ಳ ಯಾಕ ಹೇಳ್ತಾನ ಅಂತ."

ಹೊರಡಲು ತಿರುಗಿದೆ. "ಹೊತ್ತಿಗಿ ಬಂದೀರಿ, ಉಂಡು ಹೋಗ್ರಿ" ಎಂದು ಆಕೆ ತಡೆದಳು. ಮಾಳಪ್ಪ ಕೈ ತೊಳೆದು ಬಂದ. ನಾನು ಮತ್ತು ಅವನು ಜೋಡಿ ಕೂತೆವು, ಎರಡು ತಾಟು ಬಂದವು. ಬಂದವರಿಗೆ ಮೊದಲು ಬಡಿಸುವುದು ನಮ್ಮ ಕಡೆ ಎಂಥ ಬಡವರ ಮನೆಯಲ್ಲೂ ತಪ್ಪದ ರೀತಿ. ಒಲೆಯಿಂದ ಬಿಸಿ ರೊಟ್ಟಿ ತೆಗೆದುಕೊಂಡು ಲಕ್ಕವ್ವ ಬಂದಾಗ ನಾನು ನನ್ನ ತಾಟು ಮುಂದೆ ಸರಿಸಿದೆ.

ಆಕೆ ನನ್ನನ್ನು ದಾಟಿ ಹೋಗಿ ಮೊದಲ ರೊಟ್ಟಿಯನ್ನು ಗಂಡನ ತಾಟಿಗೆ ಹಾಕಿದಳು. ಮಾಳಪ್ಪ ತಲೆ ಎತ್ತಲಿಲ್ಲ. ಅದನ್ನು ಮುರಿಯಲು ಅವನಿಗೆ ಬಹಳ ಹೊತ್ತು ಹಿಡಿಯಿತು.